ಎಮ್ಮೆಗೆ ಹೇಳಿದ ಮಾತು

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಕಿಟಕಿ ಪಕ್ಕದ ಸೀಟು ಸಿಕ್ಕಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಮೇಲೂ ನಿನ್ನೆ ಸಂಜೆ ತಾನು ಆಡಿದ ಮಾತು ಗಂಗಾಶ್ರೀಯನ್ನು ಬಿಡಲಿಲ್ಲ. 'ಇಲ್ಲ ಅಜ್ಜಿ, ಅದನ್ನು ನಾನೇ ಹೇಳಿ ಬರೆಸಿದ್ದು.' ಎಷ್ಟು ಸಲೀಸಾಗಿ ಬಂದಿತ್ತು. ಮನೆಯಲ್ಲಿ ಒಂದು ಮಾತು ಆಡಬೇಕಾದರೆ ಮೊದಲು ಮನಸ್ಸಿನಲ್ಲೇ ಹಿಂದುಮುಂದು ಮಾಡಿ, ಒಂದೊಂದು ಶಬ್ದವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ, ಅಷ್ಟು ಹೊತ್ತಿಗೆ ಆ ಮಾತಿನ ಸಮಯವೇ ಮುಗಿದುಹೋಗುವ ತನಗೆ, ಪರರ ಮನೆಯ ಜಗಲಿಯ ಮೇಲೆ ಕೂತು, ಕೈಯಲ್ಲಿ ಅವರೇ ಕೊಟ್ಟ ಚಹಾದ ಲೋಟ ಹಿಡಿದುಕೊಂಡು, ಸುಳ್ಳು ಮಾತ್ರ ಒಂದು ಚೂರೂ ತಡವರಿಸದೆ ಬಂತಲ್ಲ. ಒಳ್ಳೆಯದಕ್ಕೇ ಹೇಳಿದ್ದು ಎಂದು ರಾತ್ರಿಯೆಲ್ಲ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದಳು. ಮಗುವಿಗೆ ಬೈಗುಳ ತಪ್ಪಿತು. ಅಜ್ಜಿಯ ಮುಖ ಸಡಿಲವಾಯಿತು. ಆದರೆ ಆ ಹೊತ್ತಿನಲ್ಲೇ ನಡುಮನೆಯ ಬಾಗಿಲ ಸಂದಿಯಲ್ಲಿ ಆ ಮಗು, ಸ್ಪಂದನ, ನಿಂತಿದ್ದಳು. ಅವಳ ಮುಖವನ್ನು ಗಂಗಾಶ್ರೀ ನೋಡಿದ್ದಳು. ನೋಡಬಾರದಿತ್ತು. ಎಲ್ಲವನ್ನೂ ನೋಡುವ ಚಾಳಿ ಅವಳದು. ಈಗಲೂ ನೋಡುತ್ತಿದ್ದಾಳೆ: ಮುಂದಿನ ಸೀಟಿನ ಹೆಂಗಸು ಬ್ಲೌಸಿನ ತೋಳಿಗೆ ಸೇಫ್ಟಿ ಪಿನ್ ಹಾಕಿಕೊಂಡಿದ್ದಾಳೆ, ಕಂಡಕ್ಟರ್ ಎಡಗೈಯ ಕಿರುಬೆರಳಿನ ಉಗುರು ಉದ್ದ ಬಿಟ್ಟಿದ್ದಾನೆ, ಹಿಂದಿನಿಂದ ಯಾರೋ ನಕ್ಕರು. ಆ ನಗು ತನಗೆ ಸಂಬಂಧಪಟ್ಟದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ತಿರುಗಿ ನೋಡಬೇಕೆನಿಸಿ ತಡೆದುಕೊಂಡಳು.

ಆಕೆಯ ಶಾಲೆ ಸೊರಬ ತಾಲ್ಲೂಕಿನ ಒಂದು ಸಣ್ಣ ಊರಿನದು. ಶಿಕಾರಿಪುರದ ಮನೆಯಿಂದ ದಿನವೂ ಓಡಾಡುತ್ತಾಳೆ. ಐದನೆಯ ತರಗತಿ ಅವಳ ಪಾಲಿಗಿದೆ. ಆ ಮಕ್ಕಳು ಮಾತಾಡಿದರೆ ತಗಡಿನ ಮಾಡು ಹಾರಿಹೋಗಬೇಕು, ಆದರೆ 'ಬರೀರಿ' ಅಂದ ತಕ್ಷಣ ಎಲ್ಲರಿಗೂ ಒಮ್ಮೆಗೇ ಏನೋ ಆಗುತ್ತದೆ. ಪೆನ್ಸಿಲ್ ಮೊನೆ ಮುರಿಯುತ್ತದೆ, ನೀರಡಿಕೆಯಾಗುತ್ತದೆ, ರಬ್ಬರು ಕಳೆದುಹೋಗುತ್ತದೆ. ಕೊನೆಗೂ ಹಾಳೆಗಳು ಬಂದಾಗ ಎಲ್ಲದರಲ್ಲೂ ಒಂದೇ: ಹಸು ಒಂದು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ. ಒಂದು ಬಾಲವಿದೆ. ದಿನಾ ಬೆಳಗ್ಗೆ ಹಸುವಿನ ಕೆಚ್ಚಲಿಗೆ ಕೈಹಾಕಿ, ಒದೆಸಿಕೊಂಡು, ಸಗಣಿ ಬಾಚಿ, ಡೈರಿಗೆ ಹಾಲು ಹಾಕಿ ಬರುವ ಮಕ್ಕಳು ಹಸುವಿಗೆ ನಾಲ್ಕು ಕಾಲು ಇರುವುದನ್ನು ಮಾತ್ರ ಬರೆಯುತ್ತಿದ್ದರು. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ 'ಉತ್ತಮ' ಎಂದು ಬರೆಯುವಾಗ ಅವಳಿಗೆ ತಾನೂ ಅವರ ಜೊತೆ ಸೇರಿ ಯಾರಿಗೋ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಎರಡು ತಿಂಗಳ ಹಿಂದೆ ಸೊರಬದಲ್ಲಿ ನಡೆದ ತರಬೇತಿಯಲ್ಲಿ, ಊಟ ಮುಗಿದು ಎಲ್ಲರೂ ತೂಕಡಿಸುವ ಹೊತ್ತಿಗೆ, ಹೊರಗಿನಿಂದ ಬಂದಿದ್ದ ಒಬ್ಬರು ಶಿಕ್ಷಕರಿಗೆಲ್ಲ ಒಂದೊಂದು ಹಾಳೆ ಕೊಟ್ಟು, ಇವತ್ತು ಬೆಳಗ್ಗೆ ನಿಮ್ಮ ಮನೆಯಲ್ಲಿ ನಿಮ್ಮ ಕಿವಿಗೆ ಬಿದ್ದ ಒಂದು ಮಾತನ್ನು, ಬಿದ್ದ ಹಾಗೇ ಬರೆಯಿರಿ ಎಂದಿದ್ದರು. ಗಂಗಾಶ್ರೀಯ ಕಿವಿಗೆ ಅವತ್ತು ಬೆಳಗ್ಗೆ ಬಿದ್ದ ಮಾತು ಗಂಡ ರೇಣುಕಾಪ್ರಸಾದ್ ಆಡಿದ್ದು. ಅಂಗಡಿಗೆ ಬೀಗದ ಕೈ ಹುಡುಕುತ್ತ, ತಲೆ ಕೂಡ ಎತ್ತದೆ, 'ಅದೆಲ್ಲ ನಿನಗೆ ಗೊತ್ತಾಗಲ್ಲ, ಬಿಡು' ಅಂದಿದ್ದ. ಅತ್ತೆ ಮಹಾದೇವಮ್ಮ ಟಿವಿ ಕಡೆ ನೋಡುತ್ತ 'ಗೊತ್ತಾಗಿದ್ದರೆ ಹಿಂಗ್ಯಾಕೆ ಇರ್ತಿತ್ತು' ಅಂದಿದ್ದರು, ಅದು ಧಾರಾವಾಹಿಯ ಸೊಸೆಗೋ ತನಗೋ ತಿಳಿಯದಂತೆ. ಹಾಳೆಯ ಮೇಲೆ ಗಂಗಾಶ್ರೀ ಬರೆದದ್ದು: 'ಚಹಾ ಆಯ್ತಾ?' ಪಕ್ಕದಲ್ಲಿದ್ದವರು ಇಣುಕಿ ನೋಡಿ, ನಿಮ್ಮ ಮನೆ ಭಾರೀ ನೆಮ್ಮದಿ ಮೇಡಂ, ಅಂದರು. ಅವಳು ನಕ್ಕಳು. ಆಮೇಲೆ ಬಸ್ಸಿನಲ್ಲಿ ಬರುವಾಗ, ಒಂದು ಹಾಳೆಯ ಮೇಲೆ ಕೂಡ ತನ್ನದನ್ನು ಇಡಲಾಗದವಳು ಮಕ್ಕಳಿಗೆ ಏನು ಹೇಳಿಕೊಡುತ್ತೇನೆ ಎಂದು ಬೇಸರವಾಯಿತು. ಬೇಸರ ಕಳೆಯಲೆಂದೋ ಏನೋ, ಮಾರನೆಯ ದಿನ ಅದನ್ನೇ ಮಕ್ಕಳ ಮೇಲೆ ಪ್ರಯೋಗಿಸಿದಳು. ಪ್ರಬಂಧ ಬೇಡ. ಮನೆಯಲ್ಲಿ ಬೆಳಗ್ಗೆ ಕೇಳಿದ ಒಂದು ಮಾತು. ತಪ್ಪು ನೋಡಲ್ಲ, ಅಂಕ ಇಲ್ಲ.

ಮೊದಲ ದಿನ ಬಂದದ್ದು 'ಏಳೋ ಕತ್ತೆ', 'ಕರೆಂಟ್ ಬಂತೇನೋ ನೋಡು, ಮೋಟ್ರು ಹಾಕು', 'ದೋಸೆಗೆ ನೊಣ ಬಿತ್ತು, ತೆಗೆದು ತಿನ್ನು ಏನಾಗಲ್ಲ'. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಕೊನೆ ಸಾಲಿನ ಮಾಲತೇಶ, ಅಲ್ಲಿಯವರೆಗೂ ಖಾಲಿ ಹಾಳೆಯನ್ನೇ ಕೊಡುತ್ತಿದ್ದವನು, ಎದ್ದು ನಿಂತು, 'ನಮ್ಮಪ್ಪ ಬೆಳಗ್ಗೆ ಏನೂ ಮಾತಾಡಲ್ಲ ಟೀಚರ್. ಬರೀ ಕೆಮ್ತದೆ' ಅಂದ.

'ಕೆಮ್ಮಿದ್ದನ್ನೇ ಬರಿ.'

'ಅದು ಬರೆಯಕ್ಕೆ ಬರ್ತದಾ?'

'ನೋಡು.'

ಅವನು ತುಂಬ ಹೊತ್ತು ನಾಲಿಗೆ ಕಚ್ಚಿಕೊಂಡು ಬರೆದ. ಹ್ಹ, ಹ್ಹ, ಅಹ್ಹೂಂ. ಅದರ ಕೆಳಗೆ ತಾನಾಗಿಯೇ ಸೇರಿಸಿದ್ದ: ಇದು ಎದ್ದು ಬೀಡಿ ಸೇದಿದ ಮೇಲೆ. ಸೇದುವ ಮುಂಚೆ ಬೇರೆ ತರ. ಗಂಗಾಶ್ರೀ ಆ ಹಾಳೆಯನ್ನು ಹಿಡಿದು ಸ್ಟಾಫ್ ರೂಮಿಗೆ ಓಡಿಹೋಗಿ ಹೆಡ್‌ಮಾಸ್ಟರ್ ಮಲ್ಲೇಶಪ್ಪನವರಿಗೆ ತೋರಿಸಿದ್ದಳು. ಅವರು ಕನ್ನಡಕ ಏರಿಸಿ ಓದಿ, 'ಚೆನ್ನಾಗಿದೆ ಮೇಡಂ. ಪಾಠದ್ದು ಯಾವ ಘಟಕಕ್ಕೆ ಬರ್ತದೆ ಇದು?' ಎಂದು ಕೇಳಿದ್ದರು.

ಬಸ್ಸು ಬಂದಳಿಕೆಯ ದಾರಿಯ ತಿರುವನ್ನು ದಾಟಿತು. ಇಕ್ಕೆಲದಲ್ಲೂ ಮೆಕ್ಕೆಜೋಳ ತಲೆಯೆತ್ತಿ ನಿಂತಿದೆ. ಆ ದಿನಗಳಲ್ಲಿ ಇದೇ ದಾರಿಯಲ್ಲಿ ಬರುವಾಗ ಏನೋ ಒಂದು ಹುಮ್ಮಸ್ಸು ಇರುತ್ತಿತ್ತು, ಇವತ್ತು ಯಾವ ಹಾಳೆಯಲ್ಲಿ ಏನು ಕಾದಿದೆಯೋ ಎಂದು. ಸ್ಪಂದನಳ ಹಾಳೆ ಆ ಹುಮ್ಮಸ್ಸಿನ ನಡುವೆ ಬಂದದ್ದು. ತರಗತಿಯಲ್ಲಿ ದನಿಯೇ ಇಲ್ಲದ ಹುಡುಗಿ. ಕೇಳಿದರೆ ಉತ್ತರ ಗೊತ್ತಿದ್ದರೂ ಪಕ್ಕದವಳ ಕಿವಿಯಲ್ಲಿ ಹೇಳಿ ಅವಳಿಂದ ಹೇಳಿಸುವವಳು. ಅವಳು ಬರೆದಿದ್ದಳು: ನಮ್ಮ ಅಜ್ಜಿ ಅಮ್ಮನ ಹತ್ರ ಮಾತಾಡಲ್ಲ. ಎಮ್ಮೆ ಹತ್ರ ಮಾತಾಡ್ತದೆ. ಎಮ್ಮೆಗೆ ಹೇಳಿದ್ದು ಅಮ್ಮಂಗೆ ಕೇಳಿಸ್ತದೆ. ಇವತ್ತು ಅಜ್ಜಿ ಎಮ್ಮೆಗೆ ಹೇಳಿದ್ದು, ತಿನ್ನು ತಾಯಿ ತಿನ್ನು, ನೀನಾದ್ರೂ ತಿಂದಿದ್ದಕ್ಕೆ ಹಾಲು ಕೊಡ್ತೀಯ, ಕೆಲವರು ತಿಂದ ತಟ್ಟೆ ಎತ್ತಕ್ಕೂ ಸೊಂಟ ಬಗ್ಗಲ್ಲ.

ಗಂಗಾಶ್ರೀ ಆ ಹಾಳೆಯನ್ನು ಎರಡು ಸಲ ಓದಿದಳು. ಅವಳನ್ನು ಮೇಜಿನ ಹತ್ತಿರ ಕರೆದು, ತುಂಬ ಚೆನ್ನಾಗಿದೆ, ಆಮೇಲೆ? ಅಂದಳು. ತರಬೇತಿಯಲ್ಲಿ ಅದನ್ನೂ ಹೇಳಿಕೊಟ್ಟಿದ್ದರು: ಮಗು ನಿಲ್ಲಿಸಿದಲ್ಲಿ ಹೊಗಳಿ, 'ಆಮೇಲೆ?' ಎಂದು ಕೇಳಿ. ಸ್ಪಂದನ ನೆಲ ನೋಡಿದಳು. ಅಷ್ಟೇ ಟೀಚರ್. ಅಮ್ಮ ಏನು ಮಾಡ್ತಾರೆ ಆಗ? ಒಳಗೆ ಪಾತ್ರೆ ಜೋರಾಗಿ ಇಡ್ತದೆ. ಅದನ್ನೂ ಬರಿ. ಬರೆದಳು. ಆಮೇಲೆ? ಹುಡುಗಿ ಈ ಸಲ ತಲೆಯೆತ್ತಿ ಗಂಗಾಶ್ರೀಯನ್ನು ನೋಡಿದಳು, ಇವರಿಗೆ ಕೊಡಬಹುದೇ ಎಂದು ತೂಗುವ ಹಾಗೆ. ಆ ನೋಟ ಗಂಗಾಶ್ರೀಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಒಂದು ಪ್ರಶ್ನೆ ಇತ್ತು, ಅದಕ್ಕೆ ತಾನು ಕಣ್ಣಿನಲ್ಲೇ ಉತ್ತರ ಕೊಟ್ಟಿದ್ದಳು, ಕೊಡು ಎಂದು. ಸ್ಪಂದನ ಜಾಗಕ್ಕೆ ಹೋಗಿ, ತೋಳಿನಿಂದ ಹಾಳೆ ಮರೆಮಾಡಿಕೊಂಡು ಬರೆದು ತಂದಳು: ಅಜ್ಜಿ ಸಂತೆಗೆ ಹೋದಾಗ ಅಮ್ಮನೂ ಕೊಟ್ಟಿಗೆಗೆ ಹೋಗ್ತದೆ. ಎಮ್ಮೆ ಹಣೆ ತಿಕ್ತಾ ಹೇಳ್ತದೆ, ನಿನ್ನ ಗೆಳತಿ ಬಂದ್ರೆ ಹೇಳು ಅವಳಿಗೆ, ನನಗೂ ಬಾಯಿ ಐತೆ ಅಂತ. ಈ ಮನೇಲಿ ನನ್ನ ಮಾತು ಕೇಳೋದು ನೀನೊಬ್ಬಳೇ ಅಂತ. ಎಮ್ಮೆ ಅಜ್ಜಿದೂ ಕೇಳ್ತದೆ, ಅಮ್ಮಂದೂ ಕೇಳ್ತದೆ. ಯಾರಿಗೂ ಹೇಳಲ್ಲ. ಮೆಲುಕು ಹಾಕ್ತದೆ.

ಇಷ್ಟು ವರ್ಷ ಕೆಂಪು ಶಾಯಿ ಹಿಡಿದ ಕೈಯಲ್ಲಿ ಇಂಥದ್ದೊಂದು ಹಾಳೆ ಬಂದಿರಲಿಲ್ಲ. ಅವಳು ಒಂದಕ್ಷರವನ್ನೂ ತಿದ್ದಲಿಲ್ಲ. ತಿದ್ದಲಿಲ್ಲ ಎಂಬ ಹೆಮ್ಮೆಯೊಂದು ಆಗ ಇತ್ತು.

'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ತಂದೆ ತಾಯಂದಿರೆಲ್ಲ ಬರುತ್ತಾರೆ, ಮಕ್ಕಳು ಏನು ಕಲಿತಿದ್ದಾರೆ ಎಂದು ನೋಡುತ್ತಾರೆ. ಪ್ರತಿ ವರ್ಷ ಗೋಡೆಗೆ ಕಾಗುಣಿತದ ಪಟ್ಟಿ, ಥರ್ಮಾಕೋಲಿನ ಸೌರಮಂಡಲ. ಈ ಸಲ ಗಂಗಾಶ್ರೀ ವರಾಂಡದ ಕಂಬದಿಂದ ಕಂಬಕ್ಕೆ ಸುತಳಿ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಹಾಳೆಗಳನ್ನು ಸಿಕ್ಕಿಸಿದಳು. ಸ್ಪಂದನಳದ್ದನ್ನು ನಟ್ಟನಡುವೆ, ಓದುವವರ ಕಣ್ಣಿನ ಎತ್ತರಕ್ಕೆ. ಕೇಳಬೇಕಿತ್ತು ಅನ್ನಿಸಲಿಲ್ಲವೇ ಅವಳಿಗೆ? ಅನ್ನಿಸಿತ್ತು. ಕ್ಲಿಪ್ಪು ಬೆರಳಿನಲ್ಲಿದ್ದಾಗ ಒಂದು ಕ್ಷಣ ಅನ್ನಿಸಿತ್ತು. ಆದರೆ ಓದುವವರು ಯಾರು, ಎಲ್ಲರೂ ಬರುವುದು ಪಾಯಸಕ್ಕೆ, ಎಂದುಕೊಂಡಳು. ಹಾಗೆ ಅಂದುಕೊಂಡದ್ದರ ಅಡಿಯಲ್ಲಿ, ಯಾರಾದರೂ ಓದಲಿ, ಓದಿ, ಇದನ್ನು ಬರೆಸಿದವರು ಯಾರು ಎಂದು ಕೇಳಲಿ ಎಂಬ ಆಸೆಯೂ ಇತ್ತು. ಅದನ್ನು ಈಗ ಬಸ್ಸಿನ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಒಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.

ಓದಿದವರು ಶಾಲಾಭಿವೃದ್ಧಿ ಸಮಿತಿಯ ಮಾಸ್ತಪ್ಪ. ಅವರಿಗೆ ಮನಸ್ಸಿನಲ್ಲಿ ಓದಲು ಬರುವುದಿಲ್ಲ, ಅಥವಾ ಅದು ಓದು ಎನಿಸುವುದಿಲ್ಲ. ಪಂಚಾಯಿತಿ ನೋಟಿಸನ್ನು ಓದುವ ದನಿಯಲ್ಲಿ ಒಂದೊಂದೇ ಹಾಳೆಯನ್ನು ಓದುತ್ತ ಬಂದರು. ಬೀಡಿಯ ಕೆಮ್ಮಿಗೆ ಜನ ಹೋ ಎಂದು ನಕ್ಕರು. ಮಾಲತೇಶನ ಅಪ್ಪ ಕೂಡ ನಕ್ಕು, ನಗುತ್ತ ಕೆಮ್ಮಿ, ಅದಕ್ಕೆ ಇನ್ನಷ್ಟು ನಗು. ಆಮೇಲೆ ಎಮ್ಮೆಯದು ಬಂತು. ಸ್ಪಂದನಳ ಅಜ್ಜಿ ವರದಮ್ಮ ಅಲ್ಲೇ ಮುಂದೆ ನಿಂತಿದ್ದಳು, ಮೊಮ್ಮಗಳ ಕೈ ಹಿಡಿದು, ಮಡಿಕೆ ಬಿಡಿಸಿ ಉಟ್ಟ ಸೀರೆಯಲ್ಲಿ. ತನ್ನ ಮಾತು ಮಾಸ್ತಪ್ಪನ ಬಾಯಲ್ಲಿ ಬಂದಾಗ ಅವಳಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಸಿಟ್ಟು ಬರಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕಳು. 'ಹೌದಪ್ಪ, ಅಂದಿದೀನಿ, ಇನ್ನೂ ಅಂತೀನಿ' ಅಂದಳು. ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಮಾಸ್ತಪ್ಪ ಓದಿನ ರಭಸದಲ್ಲಿದ್ದರು. ಅಜ್ಜಿ ಸಂತೆಗೆ ಹೋದಾಗ ಅಮ್ಮನೂ. ಅಲ್ಲಿಗೆ ನಗು ನಿಂತಿತು. ಎಲ್ಲರಿಗಿಂತ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಸೊಸೆ ನೇತ್ರಾವತಿ ಚಪ್ಪಲಿ ಹುಡುಕತೊಡಗಿದ್ದನ್ನು ಗಂಗಾಶ್ರೀ ನೋಡಿದಳು. ಯಾರಿಗೂ ಹೇಳಲ್ಲ, ಮೆಲುಕು ಹಾಕ್ತದೆ ಎಂದು ಮಾಸ್ತಪ್ಪ ಮುಗಿಸಿದಾಗ ಹಿಂದಿನಿಂದ ಯಾವಳೋ, 'ಎಮ್ಮೆ ಹೇಳ್ಲಿಲ್ಲ ಬಿಡು, ಮೊಮ್ಮಗಳು ಹೇಳಿದ್ಲು' ಅಂದಳು. ಆಮೇಲಿನ ನಗುವಿನಲ್ಲಿ ವರದಮ್ಮ ಇರಲಿಲ್ಲ. ಅವಳು ಸ್ಪಂದನಳ ಕೈ ಬಿಟ್ಟಳು. ಎಳೆಯಲಿಲ್ಲ, ತಳ್ಳಲಿಲ್ಲ. ಬಿಟ್ಟಳು ಅಷ್ಟೆ.

ಆಮೇಲಿನ ದಿನಗಳಲ್ಲಿ ಗಂಗಾಶ್ರೀ ಸುದ್ದಿ ಕೇಳುವುದಕ್ಕೆ ಹೆದರಿ ಸುದ್ದಿಯ ಹತ್ತಿರವೇ ಸುಳಿದಾಡಿದಳು. ಆ ಮನೆಯಲ್ಲಿ ಈಗ ಎಮ್ಮೆಯ ಜೊತೆಯೂ ಯಾರೂ ಮಾತಾಡುವುದಿಲ್ಲವಂತೆ. ಅಜ್ಜಿ ಹಾಲು ಕರೆಯುವಾಗ ತುಟಿ ಬಿಗಿದುಕೊಂಡೇ ಕರೆಯುತ್ತಾಳಂತೆ. ಇದನ್ನು ಹೇಳಿದ್ದು ಬಿಸಿಯೂಟದ ಅಡುಗೆಯವಳು, ಸಾಂಬಾರಿಗೆ ಸೊಪ್ಪು ಬಿಡಿಸುತ್ತ. ಮಲ್ಲೇಶಪ್ಪನವರು ಬೈಯಲಿಲ್ಲ. 'ನೋಡಿ ಮೇಡಂ, ಸಾಕುಪ್ರಾಣಿ ಅಂತ ಬರೆಸಿಬಿಟ್ರೆ ಯಾರ ಮನೆಗೂ ಏನೂ ಆಗಲ್ಲ. ನಾಲ್ಕು ಕಾಲು ಅಂದ್ರೆ ನಾಲ್ಕು ಕಾಲು' ಅಂದರು ನಗುತ್ತ. ಆ ನಗುವಿಗಿಂತ ಬೈದಿದ್ದರೆ ವಾಸಿಯಿತ್ತು. ಮತ್ತೆ ಬರೆಯುವ ಅವಧಿ ಬಂದಾಗ ಸ್ಪಂದನ ಕೊಟ್ಟ ಹಾಳೆಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಇತ್ತು: ಎಮ್ಮೆ ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ಹಾಲು ಕೊಡುತ್ತದೆ.

ಅದನ್ನು ಓದಿದ ಮೇಲೆ ನಿನ್ನೆ ಸಂಜೆ ಅವರ ಮನೆಗೆ ಹೋದದ್ದು. ವರದಮ್ಮ ಚಾಪೆ ಹಾಸಿದಳು, ಬೇಡವೆಂದರೂ ಚಹಾ ತರಿಸಿದಳು. ನೇತ್ರಾವತಿ ತಂದಿಟ್ಟು ಅಜ್ಜಿಯನ್ನೂ ಟೀಚರನ್ನೂ ನೋಡದೆ ಒಳಗೆ ಹೋದಳು. ಮಳೆ, ಬೆಳೆ, ಬಸ್ಸಿನ ವಿಚಾರವೆಲ್ಲ ಆಯಿತು. ಕೊನೆಗೆ ವರದಮ್ಮ ಕಾಲ ಮೇಲಿನ ಸೀರೆ ಸರಿಮಾಡಿಕೊಳ್ಳುತ್ತ, 'ಒಂದು ಮಾತು ಕೇಳ್ತೀನಿ ಅಕ್ಕೋರೆ. ಅದು ಅವಳಾಗೇ ಬರೆದಿದ್ದಾ, ನೀವು ಹೇಳಿ ಬರೆಸಿದ್ದಾ?' ಅಂದಳು. ಗಂಗಾಶ್ರೀಗೆ ಆ ಪ್ರಶ್ನೆಯ ಎರಡೂ ತುದಿ ಕಂಡಿತು. ಅವಳಾಗೇ ಬರೆದದ್ದು ಅಂದರೆ ಈ ಹುಡುಗಿ ಈ ಮನೆಯಲ್ಲಿ ಚಾಡಿಕೋರಿಯಾಗಿ ಬೆಳೆಯಬೇಕು, ತಾನು ಬರೆಸಿದ್ದು ಅಂದರೆ ತಪ್ಪು ತನ್ನ ಮೇಲೆ ಬಂದು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಆ ಸುಳ್ಳು. ವರದಮ್ಮ ದೊಡ್ಡ ಉಸಿರು ಬಿಟ್ಟು, 'ಹಂಗೆ ಹೇಳ್ರಿ ಮತ್ತೆ. ನಮ್ಮ ಹುಡುಗಿಗೆ ಅಷ್ಟೆಲ್ಲ ಎಲ್ಲಿ ಬರ್ತದೆ' ಅಂದಿದ್ದಳು. ಬಾಗಿಲ ಸಂದಿಯ ಮುಖ ಆಗ ಬದಲಾಯಿತು. ಅಳು ಅಲ್ಲ, ಸಿಟ್ಟೂ ಅಲ್ಲ. ಕೈಯಲ್ಲಿದ್ದುದನ್ನು ದೊಡ್ಡವರು ಕಿತ್ತುಕೊಂಡಾಗ, ಅದು ತಮ್ಮದೇ ಹೌದೋ ಅಲ್ಲವೋ ಎಂದು ಮಕ್ಕಳಿಗೆ ಒಂದು ಕ್ಷಣ ಅನುಮಾನ ಬರುತ್ತದಲ್ಲ, ಹಾಗೆ.

ಇಳಿಯುವವರು ಯಾರ್‍ರೀ ಎಂದು ಕಂಡಕ್ಟರ್ ಕೂಗಿದ. ಗಂಗಾಶ್ರೀ ಇಳಿದಳು.

ಇವತ್ತು ಮೊದಲ ಅವಧಿಯೇ ಬರವಣಿಗೆಯದು. ಹಾಜರಿ ಮುಗಿಸಿ, ಹಾಳೆ ಹಂಚಿ, ಹಂಚುವಾಗ ಸ್ಪಂದನಳ ಡೆಸ್ಕಿನ ಹತ್ತಿರ ತನ್ನ ಕೈ ನಿಧಾನವಾದದ್ದನ್ನು ತಾನೇ ಗಮನಿಸಿ, ಹಿಂದೆ ಬಂದು ಕುರ್ಚಿಯಲ್ಲಿ ಕೂತಳು. ಎಲ್ಲರೂ ಬರೆಯತೊಡಗಿದರು. ಮಾಲತೇಶನಿಗೆ ಈಗ ಒಂದು ಹಾಳೆ ಸಾಲುವುದಿಲ್ಲ, ಕೆಮ್ಮಿನ ನಂತರ ಅವನು ಮೋಟಾರಿನ ಸದ್ದು, ಟ್ರ್ಯಾಕ್ಟರಿನ ಸದ್ದು, ಮಗ್ಗದವರ ಮನೆಯ ನಾಯಿಯ ಸದ್ದು ಎಲ್ಲ ಬರೆದು ಮುಗಿಸಿ ಈಗ ಜಗಳಗಳಿಗೆ ಬಂದಿದ್ದ. ಸ್ಪಂದನ ಪೆನ್ಸಿಲನ್ನು ಡೆಸ್ಕಿನ ಅಂಚಿನಲ್ಲಿ ಉರುಳದಂತೆ ಇಟ್ಟು, ಕೈಕಟ್ಟಿ ಕೂತಿದ್ದಳು.

'ಯಾಕೆ ಸ್ಪಂದನ, ಬರೆಯಲ್ವಾ?'

ಹುಡುಗಿ ಎದ್ದು ನಿಂತಳು. ಪಕ್ಕದವಳ ಕಿವಿಯಲ್ಲಿ ಹೇಳಲಿಲ್ಲ. ಗಟ್ಟಿಯಾಗಿ, ಪಾಠ ಒಪ್ಪಿಸುವ ಸ್ವರದಲ್ಲಿ, 'ನೀವು ಹೇಳಿ ಟೀಚರ್. ಬರ್ಕೊಂತೀನಿ' ಅಂದಳು.

ಅದರಲ್ಲಿ ವ್ಯಂಗ್ಯ ಇತ್ತೇ ಎಂದು ಗಂಗಾಶ್ರೀ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ತಲೆಹರಟೆ ಎಂದು ಕೂರಿಸಬಹುದಿತ್ತು. ಹುಡುಗಿ ನಿಜವಾಗಿಯೂ ಕಾಯುತ್ತಿದ್ದಳು. ನೀವು ಹೇಳಿ ಬರೆಸಿದ್ದು ಎಂದಿರಲ್ಲ, ಹಾಗಾದರೆ ಹೇಳಿ. ಗಂಗಾಶ್ರೀಗೆ ಥಟ್ಟನೆ ಗಂಡನ ಬಗ್ಗಿದ ಬೆನ್ನು ಕಂಡಿತು, ಬೀಗದ ಕೈ ಹುಡುಕುವ ಬೆರಳುಗಳು. ಅದೆಲ್ಲ ನಿನಗೆ ಗೊತ್ತಾಗಲ್ಲ, ಬಿಡು. ನಮ್ಮ ಹುಡುಗಿಗೆ ಅಷ್ಟೆಲ್ಲ ಎಲ್ಲಿ ಬರ್ತದೆ. ಎರಡೂ ಒಂದೇ ಮಾತು. ಎರಡನೆಯದನ್ನು ಆಡಿದ್ದು ವರದಮ್ಮ, ಆಡಿಸಿದ್ದು ತಾನು. ಮನೆಯಲ್ಲಿ ತನಗೆ ಆದದ್ದನ್ನು ಇಲ್ಲಿ ತಂದು, ಕರುಣೆಯ ಬಟ್ಟೆಯಲ್ಲಿ ಸುತ್ತಿ, ಈ ಮಗುವಿನ ಕೈಯಲ್ಲಿಟ್ಟಿದ್ದಳು.

ಕುರ್ಚಿಯಿಂದ ಎದ್ದಳು. ಎದ್ದ ಮೇಲೆ ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ಅದು ಅವಳಿಗೆ ಹೊಸದು.

'ನಿನ್ನೆ ನಾನು ಇವರ ಅಜ್ಜಿ ಹತ್ತಿರ ಒಂದು ಸುಳ್ಳು ಹೇಳಿದೆ. ಎಮ್ಮೆದು ನಾನು ಹೇಳಿ ಬರೆಸಿದ್ದು ಅಂದೆ. ನಾನು ಬರೆಸಿದ್ದಲ್ಲ. ಸ್ಪಂದನ ಬರೆದದ್ದು.'

ಪೆನ್ಸಿಲುಗಳು ನಿಂತವು. ಟೀಚರು ಸುಳ್ಳು ಹೇಳಿದರು ಎಂಬುದನ್ನು ಜೀರ್ಣಿಸಿಕೊಳ್ಳಲು ತರಗತಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಚೇತರಿಸಿಕೊಂಡವನು ಮಾಲತೇಶ.

'ಅದು ನಮಗೆ ಗೊತ್ತು ಟೀಚರ್. ನಿಮಗೆಲ್ಲಿ ಎಮ್ಮೆ ಐತೆ?'

ಕೆಲವರು ನಕ್ಕರು. ಗಂಗಾಶ್ರೀಗೂ ತುಟಿಯಂಚಿಗೆ ಬಂದ ನಗು ಸ್ಪಂದನಳನ್ನು ನೋಡಿ ನಿಂತಿತು. ಅವಳು ಇನ್ನೂ ನಿಂತೇ ಇದ್ದಳು.

'ಇವರಿಗೆಲ್ಲ ಹೇಳಿದ್ರೆ ಏನು ಬಂತು,' ಅಂದಳು ಸ್ಪಂದನ. 'ಅಜ್ಜಿಗೆ ಹೇಳಿ.'

'ಅಜ್ಜಿ ಬೈತಾರೆ ಪುಟ್ಟಿ. ನಿನ್ನನ್ನ ಬೈತಾರೆ.'

'ಬೈಲಿ.'

'ಅಮ್ಮನೂ ಬೇಜಾರು ಮಾಡ್ಕೋತಾರೆ.'

ಅವಳು ಲಂಗದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

'ಬೈಸ್ಕೊಂತೀನಿ' ಅಂದಳು.

ಇಡೀ ದಿನ ಗಂಗಾಶ್ರೀಗೆ ಆ ಒಂದು ಶಬ್ದದ ಜೊತೆಯೇ ಕಳೆಯಿತು. ಗಣಿತ ಕಲಿಸುವಾಗ, ಬಿಸಿಯೂಟ ಬಡಿಸುವಾಗ, ಮಲ್ಲೇಶಪ್ಪನವರು ಮುಂದಿನ ವಾರ ಮೇಲಿನವರು ಬರುತ್ತಾರೆ, ಸುತಳಿಯಲ್ಲಿ ಏನೂ ಇರದಿರಲಿ ಎಂದು ಹೇಳುವಾಗ. ಈ ವಯಸ್ಸಿಗೂ ತಾನು ಯಾವುದನ್ನಾದರೂ ತನ್ನದು ಎಂದು ಉಳಿಸಿಕೊಳ್ಳಲು ಬೈಸಿಕೊಂಡದ್ದಿದೆಯೇ ಎಂದು ಹುಡುಕಿದಳು. ಬೈಸಿಕೊಂಡದ್ದು ಬೇಕಾದಷ್ಟಿತ್ತು, ಆದರೆ ಎಲ್ಲವೂ ಪುಕ್ಕಟೆ. ಮಧ್ಯಾಹ್ನದ ನಂತರ ಅವಳಿಗೆ ಹೋಗದಿರಲು ಕಾರಣಗಳು ಹೊಳೆಯತೊಡಗಿದವು. ಬಸ್ಸು ತಪ್ಪುತ್ತದೆ. ಒಂದು ಮನೆ ಹೇಗೋ ಸುಧಾರಿಸಿಕೊಳ್ಳುತ್ತಿರುವಾಗ ಮತ್ತೆ ಕೆದಕುವುದು ಸರಿಯಲ್ಲ. ಸತ್ಯ ಹೇಳುವುದು ತನ್ನ ಮನಸ್ಸಿನ ಹಗುರಕ್ಕೆ, ಅದರ ಬೆಲೆ ತೆರುವುದು ಮಗು. ಎಲ್ಲವೂ ಸರಿಯಾದ ಕಾರಣಗಳೇ, ಚೆನ್ನಾಗಿ ಜೋಡಿಸಿದ ಮಾತುಗಳೇ. ಗಂಟೆ ಹೊಡೆದು ಮಕ್ಕಳೆಲ್ಲ ಚೀಲ ಹೊತ್ತು ಓಡಿದ ಮೇಲೆ ನೋಡಿದರೆ ಸ್ಪಂದನ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ಕರೆಯಲಿಲ್ಲ. ಗಂಗಾಶ್ರೀ ಬಂದ ಮೇಲೆ ಎದ್ದು ಮುಂದೆ ನಡೆದಳು, ದಾರಿ ಗೊತ್ತಿಲ್ಲದವರನ್ನು ಕರೆದೊಯ್ಯುವ ಹಾಗೆ.

ದಾರಿಯಲ್ಲಿ ಒಬ್ಬಿಬ್ಬರು 'ಏನ್ರಿ ಟೀಚರ್, ಈ ಕಡೆ' ಅಂದರು. ಅವರ ದನಿಯಲ್ಲಿ ಎಮ್ಮೆ ಇದೆಯೇ ಎಂದು ಕೇಳಿಸಿಕೊಂಡಳು, ಇತ್ತು ಅನ್ನಿಸಿತು, ನಡೆದಳು. ವರದಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಬುಟ್ಟಿಗೆ ಹಿಂಡಿ ಕಲಸುತ್ತ ಕೂತಿದ್ದಳು. ಒಳಗೆ ಎಮ್ಮೆ, ಗಂಗಾಶ್ರೀ ಅದನ್ನು ಈವರೆಗೆ ನೋಡಿಯೇ ಇರಲಿಲ್ಲ, ಸಾಧಾರಣ ಎಮ್ಮೆ, ಒಂದು ಕೊಂಬು ಕೆಳಗೆ ಬಾಗಿದೆ. ವರದಮ್ಮ ಕೈ ತೊಳೆಯಲು ಏಳಹೋದಳು.

'ಕೂತ್ಕೊಳ್ಳಿ ಅಜ್ಜಿ. ಚಹಾ ಬೇಡ. ನಿನ್ನೆ ನೀವು ಕೇಳಿದಿರಲ್ಲ, ನಾನು ಸುಳ್ಳು ಹೇಳಿದೆ. ಅದನ್ನ ಬರೆದದ್ದು ಸ್ಪಂದನಾನೇ. ನಾನು ಆಮೇಲೆ, ಆಮೇಲೆ ಅಂತ ಕೇಳಿದ್ದು ನಿಜ. ಹಗ್ಗಕ್ಕೆ ಹಾಕಿದ್ದು ನಾನು, ಅವಳನ್ನ ಕೇಳದೆ ಹಾಕಿದೆ. ಅದು ನನ್ನ ತಪ್ಪು. ಬರೆದದ್ದು ತಪ್ಪಲ್ಲ.'

ಕೊನೆಯ ಮಾತನ್ನು ಆಡಬೇಕೆಂದು ಅವಳು ಅಂದುಕೊಂಡಿರಲಿಲ್ಲ. ವರದಮ್ಮ ಹಿಂಡಿ ಮೆತ್ತಿದ ಕೈಯನ್ನು ಬುಟ್ಟಿಯ ಮೇಲೇ ಹಿಡಿದು ಮೊಮ್ಮಗಳನ್ನು ನೋಡಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

'ಹೌದೇನೇ?'

'ಹೂಂ.'

'ನೀನೇ?'

'ಹೂಂ. ನಾನೇ.'

ಆಮೇಲೆ ಶುರುವಾಯಿತು. ಗಂಗಾಶ್ರೀ ಇಂಥ ಬೈಗುಳವನ್ನು ಕೇಳಿರಲಿಲ್ಲ, ಅವಳ ಮನೆಯಲ್ಲಿ ಬೈಯುವುದು ಬೇರೆಯ ರೀತಿ. 'ಹೊಟ್ಟೇಲಿ ಒಂದು ಮಾತು ನಿಲ್ಲಲ್ವೇನೆ ನಿನಗೆ, ತೂತು ಬಿದ್ದ ಕೊಡದ ಹಂಗೆ ಹುಟ್ಟಿದೀಯಲ್ಲೇ. ಅಜ್ಜಿ ಬಾ, ಒಳ್ಳೆ ಸೀರೆ ಉಟ್ಕಂಡು ಬಾ ಅಂತ ಕರ್ಕಂಡು ಹೋದ್ಯಲ್ಲ, ನಡು ಊರಲ್ಲಿ ನಿಲ್ಲಿಸಿ ನಗಾಡ್ಸಾಕೇನೆ? ನಾನು ಅಂದಿದ್ದು ಬರ್ಕ, ನಾನು ಎದುರೇ ಅಂತೀನಿ, ನನಗೇನು ನಾಚಿಕೆ. ಅವಳು ಸಂದೀಲಿ ಹೋಗಿ ಅಂದಿದ್ದು ನಿನಗ್ಯಾಕೆ ಬೇಕಿತ್ತು? ಅವಳಿಗೆ ಅದೊಂದು ಜಾಗ ಇತ್ತು, ಅದನ್ನೂ ತೆಗೆದ್ಯಲ್ಲೇ. ನನಗೂ ಇಲ್ಲ, ಅವಳಿಗೂ ಇಲ್ಲ. ಈಗ ನಾವು ಇಬ್ರೂ ಯಾರ ಹತ್ರ ಹೇಳ್ಕಬೇಕು, ನಿಮ್ಮ ಸಾಲಿ ಗ್ವಾಡೆ ಹತ್ರಾನಾ?'

ಒಳಗಿನಿಂದ ನೇತ್ರಾವತಿ ಬಂದು ಹೊಸ್ತಿಲಲ್ಲಿ ನಿಂತಿದ್ದಳು, ಒದ್ದೆ ಕೈ ಸೆರಗಿಗೆ ಒರೆಸುತ್ತ. 'ಸಾಕು ಬಿಡಿ ಅತ್ತೆ. ಅದು ಇನ್ನೂ ಕೈಕಾಲು ತೊಳೆದಿಲ್ಲ' ಅಂದಳು.

'ನೀನು ಸುಮ್ಮನಿರು, ನಿಂದು ಆಮೇಲೆ ಐತೆ' ಎಂದಳು ವರದಮ್ಮ ಆ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿ ಮುಂದುವರಿಸಿದಳು. ನೇರ ಬಂದ ಮಾತಿಗೆ ನೇತ್ರಾವತಿ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಳು, ಒಳಗೆ ಹೋಗಲಿಲ್ಲ.

ಗಂಗಾಶ್ರೀಗೆ ನಡುವೆ ಹೋಗಬೇಕೆನಿಸಿತು. ಮಗುವನ್ನು ಇಷ್ಟು ಬೈಗುಳದ ಎದುರಿಗೆ ತಂದು ನಿಲ್ಲಿಸಿದ್ದು ತಾನೇ. ಅವಳ ತೋಳು ಹಿಡಿದು ಹಿಂದಕ್ಕೆ ಸರಿಸಬೇಕೆಂದು ಕೈ ಚಾಚಿ, ಸ್ಪಂದನಳ ಮುಖ ನೋಡಿದಳು. ಆ ಮುಖದಲ್ಲಿ ಅವಳು ಹುಡುಕಿದ್ದು ಸಿಗಲಿಲ್ಲ. ಹುಡುಗಿ ತಲೆ ತಗ್ಗಿಸಿರಲಿಲ್ಲ. ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು, ಬಾಯಿ ತುಸು ತೆರೆದು, ಎಲ್ಲ ಮರೆತು. ಕಣ್ಣಂಚಿನಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದ ಹಾಗೆ. ಅಜ್ಜಿ ಒಂದೊಂದು ಮಾತು ಅಂದ ಹಾಗೂ ಹುಡುಗಿಯ ತುಟಿ ಸದ್ದಿಲ್ಲದೆ ಅದರ ಬೆನ್ನಿಗೆ ಅಲುಗುತ್ತಿತ್ತು, ಯಾವುದೂ ಚೆಲ್ಲಿಹೋಗಬಾರದು ಎಂಬಂತೆ. ಗಂಗಾಶ್ರೀ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ವರದಮ್ಮನಿಗೂ ಅದು ಕಂಡಿತು. ನಡುವೆಯೇ ನಿಲ್ಲಿಸಿದಳು.

'ಏನೇ ಹಂಗೆ ಬಾಯಿ ನೋಡ್ತೀಯ? ಇದನ್ನೂ ಬರೀತೀಯೇನು?'

ಇಲ್ಲ ಅಜ್ಜಿ, ಬರೆಯಲ್ಲ, ನಾನು ಬರೆಯಲು ಬಿಡಲ್ಲ ಎಂಬ ಉತ್ತರ ಗಂಗಾಶ್ರೀಯ ನಾಲಿಗೆಯ ತುದಿಗೆ ಬಂದಿತ್ತು, ಎಲ್ಲರಿಗೂ ಹಿತವಾಗುವ ಉತ್ತರ. ಅವಳು ಅದನ್ನು ಆಡಲಿಲ್ಲ. ಎಮ್ಮೆ ಬುಟ್ಟಿಯ ಕಡೆಗೆ ಕತ್ತು ಚಾಚಿತು. ನೇತ್ರಾವತಿ ಹೊಸ್ತಿಲು ದಾಟಿ ಒಂದು ಹೆಜ್ಜೆ ಅಂಗಳಕ್ಕೆ ಇಟ್ಟಳು. ಎಲ್ಲರೂ ಸ್ಪಂದನಳನ್ನು ನೋಡುತ್ತಿದ್ದರು.

ಸ್ಪಂದನ ಇಲ್ಲ ಅನ್ನಲಿಲ್ಲ.